ಪೇಟಿಗೆ ಮೊದಲು ಬಿಸಿನೀರು

ಅವರ ಬಲಗೈಯ ಮೂರು ಬೆರಳುಗಳು ಚಳಿಗಾಲದಲ್ಲಿ ಬೆಳ್ಳಗಾಗುತ್ತಿದ್ದವು. ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯುವ ಸೀಮೆಸುಣ್ಣದಷ್ಟು ಬಿಳಿ. ಆ ಬಿಳುಪು ತುದಿಯಿಂದ ಹೊರಟು ಎರಡನೆಯ ಗೆಣ್ಣಿನ ತನಕ ಏರಿ, ಅಲ್ಲಿ ದಾರ ಕಟ್ಟಿ ತಡೆದಂತೆ ನಿಂತುಬಿಡುತ್ತಿತ್ತು. ಅಲ್ಲಿಂದ ಆಚೆಗೆ ಕೈ ಕಪ್ಪಗೆ, ನಮ್ಮೂರಿನ ಯಾವ ಗಂಡಸಿನ ಕೈಯಾದರೂ ಇರುವ ಹಾಗೆಯೇ ಇತ್ತು. ಚಿಕ್ಕವಳಿದ್ದಾಗ ಒಂದು ದಿನ ಅವರು ಗೋಡೆಗೆ ಒರಗಿ ಭಜನೆ ಪದಗಳ ಪುಸ್ತಕ ಓದುತ್ತಿರುವಾಗ, ನಾನು ಮೆಲ್ಲಗೆ ಆ ಬಿಳಿ ಬೆರಳಿಗೆ ಸೂಜಿ ಚುಚ್ಚಿ ನೋಡಿದ್ದೆ. ಅವರು ಪುಟ ತಿರುವಿದರು, ಅಷ್ಟೆ. ಆಮೇಲೆ ಕೈ ಬಿಸಿನೀರಿನಲ್ಲಿಟ್ಟಾಗ ಚುಚ್ಚಿದ ಜಾಗದಿಂದ ಒಂದು ಹನಿ ರಕ್ತ ಬಂದು ನೀರಿನಲ್ಲಿ ಕರಗಿತು. ಅದನ್ನು ನೋಡಿ ನಾನು ಗೊಳೋ ಎಂದು ಅತ್ತೆ. "ಯಾಕ ಅಳ್ತಿ ಪೋರಿ? ನನಗೇನೂ ಗೊತ್ತೇ ಆಗಿಲ್ಲ" ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು.

ನಾವು ಅವರನ್ನು ಪೇಟಿ ಕಾಕಾ ಎನ್ನುತ್ತಿದ್ದೆವು. ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಕನ್ನಡ-ತೆಲುಗು ಗಡಿಯ ರಾಯಿಕೋಡ್ ಹತ್ತಿರದ ನಮ್ಮೂರಿನಲ್ಲಿ ಮನೆಗೊಂದು ಕುರಿಹಟ್ಟಿ, ಊರಿಗೊಂದು ಭಜನೆ ಮೇಳ. ಆ ಮೇಳದ ಪೇಟಿಯನ್ನು ಬಾರಿಸುವವರು ಇವರು. ನಮಗೆ ರಕ್ತಸಂಬಂಧಿಯೇನಲ್ಲ, ಅಪ್ಪನ ಹಟ್ಟಿಯ ಗೋಡೆಗೆ ಹತ್ತಿಕೊಂಡೇ ಅವರ ಮನೆಯ ಗೋಡೆ ಇತ್ತು, ಅದಕ್ಕೇ ಕಾಕಾ. ಹುಡುಗರಾಗಿದ್ದಾಗಲೇ ಮೇಳದಲ್ಲಿ ಕೂತು ಪೇಟಿ ಕಲಿತಿದ್ದರು. ಆಮೇಲೆ ಹೊಟ್ಟೆಪಾಡಿಗೆ ತಾಂಡೂರಿಗೆ ಹೋಗಿ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷ ಪಾಲಿಶ್ ಮಷಿನ್ ಹಿಡಿದರು. ಗಿರಗಿರ ತಿರುಗುವ ಮಷಿನ್ನನ್ನು ಎರಡೂ ಕೈಯಿಂದ ಕಲ್ಲಿಗೆ ಒತ್ತಿ ಹಿಡಿಯಬೇಕು, ಮೇಲಿಂದ ತಣ್ಣೀರು ಬೀಳುತ್ತಲೇ ಇರಬೇಕು. ದಿನವಿಡೀ ಆ ನಡುಕ ಮೂಳೆಗೆ ಇಳಿಯುತ್ತಿತ್ತಂತೆ. ಮೊದಲು ಬೆರಳು ಜುಮುಗುಟ್ಟಿದವು, ಆಮೇಲೆ ಮರಗಟ್ಟಿದವು, ಆಮೇಲೆ ಹೀಗೆ ಬೆಳ್ಳಗಾಗತೊಡಗಿದವು. ಕೆಲಸ ಬಿಡು ಎಂದು ಡಾಕ್ಟರು ಹೇಳಿದ ಮೇಲೆ, ಸತ್ತ ಬೆರಳು ಮತ್ತು ಎದೆ ತುಂಬ ಕಲ್ಲಿನ ಧೂಳಿನ ಕೆಮ್ಮು ತೆಗೆದುಕೊಂಡು ಊರಿಗೆ ವಾಪಸು ಬಂದರು.

"ಹೈದರಾಬಾದಿನ್ಯಾಗ ದೊಡ್ಡ ದೊಡ್ಡ ಮನಿ ಅವ. ಅಲ್ಲಿ ಮಂದಿ ನನ್ನ ಬೆರಳಿನ ಮ್ಯಾಲ ನಡದಾಡ್ತಾರ" ಎಂದು ನಗುತ್ತಿದ್ದರು. ಅವರು ನಕ್ಕರೆ ಕೊನೆಗೆ ಕೆಮ್ಮು ಬಂದೇ ಬರುತ್ತಿತ್ತು. ಹಾಗಾಗಿ ನಾವು ಅವರನ್ನು ನಗಿಸುತ್ತಿರಲಿಲ್ಲ.

ನಾನೀಗ ಜಹೀರಾಬಾದಿನ ಒಂದು ಶಾಲೆಯಲ್ಲಿ ಸಂಗೀತ ಕಲಿಸುತ್ತೇನೆ. ಅಲ್ಲೊಂದು ಪಿಯಾನೊ ಇದೆ. ಯಾರೋ ಬಳಸಿ ಬಿಟ್ಟದ್ದನ್ನು ಆಡಳಿತದವರು ಕೊಂಡು ತಂದು, ಮಕ್ಕಳನ್ನು ಸೇರಿಸಲು ಬರುವ ತಂದೆತಾಯಿಗಳ ಕಣ್ಣಿಗೆ ಬೀಳುವ ಹಾಗೆ ಇಟ್ಟಿದ್ದಾರೆ. ಬೆಳಿಗ್ಗೆ ಗಂಟೆ ಹೊಡೆಯುವ ಮೊದಲು ನಾನು ಹೋಗಿ ಅದರಲ್ಲಿ ಅಭ್ಯಾಸ ಮಾಡುತ್ತೇನೆ. ಅದರ ಮನೆಗಳು, ಅಂದರೆ ಬೆರಳಿಡುವ ಪಟ್ಟಿಗಳು, ಪೇಟಿಯ ಹಾಗೆ ಮುಟ್ಟಿದರೆ ಇಳಿಯುವುದಿಲ್ಲ, ಒತ್ತಬೇಕು. ತಣ್ಣನೆಯ ಕೈಯಲ್ಲಿ ಕೂತರೆ ಮುಂಗೈ ತನಕ ನೋವು. ಅದಕ್ಕಾಗಿ ಮೊದಲು ಫ್ಲಾಸ್ಕಿನಿಂದ ಬಿಸಿನೀರು ಸ್ಟೀಲಿನ ಬೋಗುಣಿಗೆ ಸುರಿದು ಕೈ ಅದ್ದುತ್ತೇನೆ. ಕಂಬಳಿಯ ತುಂಡಿನಲ್ಲಿ ಸುತ್ತಿ ಒರೆಸುತ್ತೇನೆ. ಒಂದೊಂದೇ ಬೆರಳು ಎಳೆಯುತ್ತೇನೆ. ಆಮೇಲೆ ಪಿಯಾನೊದ ಮುಚ್ಚಳ ತೆರೆಯದೆ, ಆ ಮರದ ಮೇಲೆಯೇ ಇಡೀ ಪಾಠವನ್ನು ಸದ್ದಿಲ್ಲದೆ ಬಾರಿಸುತ್ತೇನೆ. ಒಮ್ಮೆ ಹೆಡ್ಮಾಸ್ತರರು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ, "ಮೇಡಂ, ಬಾರಿಸೋದು ಯಾವಾಗ?" ಎಂದು ತೆಲುಗಿನಲ್ಲಿ ಕೇಳಿದರು. ನಮ್ಮೂರಿನಲ್ಲಿ ಕಾಕಾನನ್ನು ಎಲ್ಲರೂ ಕೇಳುತ್ತಿದ್ದ ಪ್ರಶ್ನೆಯೂ ಅದೇ.

ಕಾಕಾ ಬಾರಿಸುವುದು ಅರ್ಧ ತಾಸಾದರೆ, ಅದಕ್ಕೆ ತಯಾರಾಗುವುದು ಒಂದು ತಾಸು. ಚಳಿಗಾಲದಲ್ಲಂತೂ ಒಂದೂವರೆ. ಮೊದಲು ಹಟ್ಟಿಯ ಸುತ್ತ ಮೂರು ಸುತ್ತು ನಡೆದು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಬರುವ ಹೊತ್ತಿಗೆ ಕಾಕಿ, ಅಂದರೆ ಅವರ ಹೆಂಡತಿ, ಒಲೆಯ ಮೇಲೆ ನೀರು ಕಾಸಿ ಇಟ್ಟಿರುತ್ತಿದ್ದಳು. ನೇರ ಬೆಂಕಿಗೆ ಕೈ ಹಿಡಿಯುವಂತಿರಲಿಲ್ಲ. ಒಮ್ಮೆ ಹಾಗೆ ಹಿಡಿದು, ಚರ್ಮ ಸುಟ್ಟ ವಾಸನೆ ಬಂದ ಮೇಲೆಯೇ ಅವರಿಗೆ ತಿಳಿದದ್ದು. ಹಾಗಾಗಿ ನೀರಿನ ಬಿಸಿಯನ್ನು ಕಾಕಿ ತನ್ನ ಮೊಣಕೈ ಅದ್ದಿ ನೋಡಬೇಕು, ಕೂಸಿಗೆ ಎರೆಯುವಾಗ ನೋಡುವ ಹಾಗೆ. ಅವರಿಗೆ ಮಕ್ಕಳಿರಲಿಲ್ಲ. ಅಪ್ಪ ಕೊಟ್ಟ ಕುರಿಹಾಲಿನ ಚೆಂಬು ಹಿಡಿದು ನಾನು ದಿನಾ ಅವರ ಮನೆಗೆ ಹೋಗುತ್ತಿದ್ದೆ. ಹೋದವಳನ್ನು ಕಾಕಿ ಸುಮ್ಮನೆ ಬಿಡುತ್ತಿರಲಿಲ್ಲ. "ನೀರು ಕಾದದ, ಒಯ್ದು ಕೊಡು" ಎನ್ನುತ್ತಿದ್ದಳು. ಒಲೆಯ ಮೇಲಿನ ಗಡಿಗೆಯಿಂದ ಚೆಂಬಿನಲ್ಲಿ ತೋಡಿ ಬೋಗುಣಿಗೆ ಹಾಕಿ ಕಾಕಾನ ಮುಂದಿಡುವುದು ನನ್ನ ಕೆಲಸವಾಯಿತು. "ನೀರು ತಾ ಪೋರಿ" ಎಂದು ಅವರು ಪೂರ್ತಿ ಹೇಳುವ ಮೊದಲೇ ನನ್ನ ಕಾಲು ಗಡಿಗೆಯ ಕಡೆ ಹೊರಟಿರುತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ನೀರು ಕೊಟ್ಟವಳು ಅಲ್ಲೇ ಕೂತೆ. ಕೂತವಳು ಕಲಿಯತೊಡಗಿದೆ. ಹೆಣ್ಣುಮಕ್ಕಳಿಗೆ ಯಾಕೆ ಪೇಟಿ ಎಂದು ಊರಲ್ಲಿ ಒಂದಿಬ್ಬರು ಅಂದರು. ಅಪ್ಪ ಕುರಿಗಳ ಹಿಂದೆ ಬಿದ್ದ ಮನುಷ್ಯ, ಅವನ ಕಿವಿಗೆ ಅದು ಬೀಳಲೇ ಇಲ್ಲ. ಮೊದಲ ಆರು ತಿಂಗಳು ಕಾಕಾ ನನಗೆ ಪೇಟಿ ಮುಟ್ಟಿಸಲಿಲ್ಲ. ಕೈ ತೊಳೆದು, ಬೆಚ್ಚಗೆ ಮಾಡಿಕೊಂಡು, ಕುರಿಯ ಮೊಲೆ ಎಳೆದು ಹಾಲು ಕರೆಯುವಂತೆ ಒಂದೊಂದು ಬೆರಳನ್ನೂ ಬುಡದಿಂದ ತುದಿಗೆ ಎಳೆದು, ತೊಡೆಯ ಮೇಲೆ ಬಾರಿಸಬೇಕು. ಸದ್ದು ಇಲ್ಲ. ಪದ ಮನಸ್ಸಿನಲ್ಲಿ ಓಡಬೇಕು, ಬೆರಳು ಅದರ ಹಿಂದೆ ಹೋಗಬೇಕು. ಮನಸ್ಸಿನಲ್ಲಿ ತಪ್ಪಿದರೆ ಮೊದಲಿನಿಂದ. ತಪ್ಪಿದ್ದು ಅವರಿಗೆ ಹೇಗೆ ಗೊತ್ತಾಗುತ್ತಿತ್ತೋ, ನನಗೆ ಇವತ್ತಿಗೂ ತಿಳಿದಿಲ್ಲ. "ಅಲ್ಲಿ ಎಡವಿದಿ" ಎನ್ನುತ್ತಿದ್ದರು, ಕಣ್ಣು ಮುಚ್ಚಿಕೊಂಡೇ.

ಒಂದು ದಿನ ಶಾಲೆಯಲ್ಲಿ ಯಾರ ಜೊತೆಗೋ ಜಗಳಾಡಿ, ಮುಖ ಊದಿಸಿಕೊಂಡು ಹೋಗಿದ್ದೆ. ಕೈ ಬಿಸಿನೀರಿನಲ್ಲಿತ್ತು, ಮನಸ್ಸು ಆ ಹುಡುಗಿಯ ಜಡೆ ಎಳೆಯುವುದರಲ್ಲಿತ್ತು. ಕಾಕಾ ಬೋಗುಣಿಯನ್ನು ಹಿಂದಕ್ಕೆ ಸರಿಸಿದರು.

"ಹೊಟ್ಟ್ಯಾಗ ಸಿಟ್ಟದ ಏನು?"

"ಇಲ್ರಿ ಕಾಕಾ."

"ಅದ. ಹೋಗು. ಬಾವಿಗಿ ಹೋಗಿ ಎರಡು ಕೊಡ ನೀರು ಜಗ್ಗಿ ನಿಮ್ಮವ್ವಗ ಕೊಟ್ಟು ಬಾ. ಕೈ ಒಂದೇ ಬಿಸಿ ಆದ್ರ ಸಾಕಾಗಲ್ಲ. ಒಳಗೂ ಹದಕ್ಕ ಬರಬೇಕು."

ನಾನು ಬಾವಿಗೆ ಹೋಗಿ ಬಂದೆ. ಬರುವಷ್ಟರಲ್ಲಿ ಸಿಟ್ಟು ಇಳಿದಿತ್ತು, ನೀರೂ ಆರಿತ್ತು. ಕಾಕಿ ಬೈದುಕೊಳ್ಳುತ್ತಲೇ ಮತ್ತೆ ನೀರು ಕಾಸಿದಳು. ಅವರ ಮನೆಯಲ್ಲಿ ಸೌದೆ ಖರ್ಚಾಗುತ್ತಿದ್ದುದು ಅಡುಗೆಗಿಂತ ಅವರ ಕೈಗೇ ಹೆಚ್ಚು.

ಪೇಟಿ ಅವರ ಸ್ವಂತದ್ದಲ್ಲ, ಮೇಳದ್ದು. ಮೇಳಕ್ಕೆ ಹಿರಿಯ ಅಂದರೆ ತಾಳದ ಮುತ್ಯಾ. ತಾಳ ಹಿಡಿದು ಪದ ಎತ್ತಿಕೊಡುವವರು ಅವರು. ಊರಿನಲ್ಲಿ ತೊಟ್ಟಿಲಿಗೂ ಮೇಳ ಬೇಕು, ಮದುವೆಗೂ ಬೇಕು, ಸಾವಿಗೂ ಬೇಕು. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಮಣ್ಣಿಗೆ ಒಯ್ಯುವ ತನಕ ಅದರ ಮುಂದೆ ಪದ ಹಾಡುವುದು ನಮ್ಮ ಕಡೆಯ ಪದ್ಧತಿ. ಕಾಕಾನ ತಯಾರಿಗೆ ಎಲ್ಲರೂ ಬೇಸತ್ತಿದ್ದರೂ, ಬೆರಳು ಬೆಚ್ಚಗಾದ ಮೇಲೆ ಅವರು ಬಾರಿಸುವುದನ್ನು ಕೇಳಿದವರು ತಿರುಗಿ ಮಾತಾಡುತ್ತಿರಲಿಲ್ಲ. ಕಾಕಿ ಮಾತ್ರ ಅವರ ಪೇಟಿಯನ್ನು ಹೊಗಳಿದ್ದು ನಾನು ಕೇಳಿಲ್ಲ. ಒಂದೇ ಸಲ, ಜೋಳದ ಹಿಟ್ಟು ನಾದುತ್ತಾ, ಅವರ ಕಡೆ ನೋಡದೆಯೇ ಹೇಳಿದ್ದಳು: "ನಾ ಸತ್ತರ ನೀವೇ ಬಾರಿಸ್ರಿ. ಬ್ಯಾರೆಯವರ ಕೈಯಾಗ ಕೊಡಬ್ಯಾಡ್ರಿ."

ನನಗೆ ಹದಿಮೂರು ವರ್ಷ ಇದ್ದಾಗ, ಪುಷ್ಯದ ಚಳಿಯಲ್ಲಿ, ಮೂರು ದಿನದ ಜ್ವರಕ್ಕೆ ಕಾಕಿ ತೀರಿಕೊಂಡಳು.

ಬೆಳಗ್ಗೆ ನಾವು ಹೋದಾಗ ಅವಳನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ನಾರಾಯಣಖೇಡದಿಂದ ಅವಳ ಅಣ್ಣತಮ್ಮಂದಿರು ಬಂದಾಗಿತ್ತು. ಮೇಳದವರು ಸುತ್ತ ಕೂತಿದ್ದರು. ಪೇಟಿ ಕಾಕಾನ ಮುಂದಿತ್ತು, ಕಾಕಾನ ಕೈ ಮಡಿಲಲ್ಲಿತ್ತು. ಮೂರೇ ಅಲ್ಲ, ಆ ದಿನ ಐದೂ ಬೆರಳು ಬೆಳ್ಳಗಾಗಿದ್ದವು.

"ಸುರು ಮಾಡೋ ತಮ್ಮಾ" ಎಂದರು ಪಕ್ಕದಲ್ಲಿ ಕೂತಿದ್ದ ತಾಳದ ಮುತ್ಯಾ. "ಹೊತ್ತು ಏರಾಕ ಹತ್ಯದ."

"ಜರ ನಿಂದ್ರರಿ. ಕೈ ಥಂಡ ಆಗ್ಯಾವ."

"ಇವತ್ತಾರೆ ಅದನ್ನ ಬಿಡು. ಹ್ಯಾಂಗ ಬರ್ತದ ಹಾಂಗ ಬಾರಿಸು."

ಕಾಕಿಯ ಅಣ್ಣನೊಬ್ಬ ಎದ್ದು ನಿಂತು ಜಲ್ದಿ ಮಾಡಿ ಎಂದ. ಕಾಕಾ ಹೆಂಡತಿಯ ಮುಖ ನೋಡಿದರು. ಆಮೇಲೆ ಯಾವಾಗಿನ ಹಾಗೆಯೇ, ತಲೆ ತಿರುಗಿಸದೆಯೇ ಹೇಳಿದರು: "ನೀರು ತಾ ಪೋರಿ."

ನಾನು ಎದ್ದೆ. ಅಡುಗೆಮನೆಗೆ ಹೋದೆ. ಹೆಣ ಇರುವ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಒಲೆ ತಣ್ಣಗಿತ್ತು, ಅದರ ಮೇಲೆ ಕಾಕಿ ದಿನಾ ನೀರು ಕಾಸುವ ಗಡಿಗೆ ಬೋರಲು ಬಿದ್ದಿತ್ತು. ಪಕ್ಕದ ಬಾಗಿಲಿಂದ ನೋಡಿದರೆ ಅಂಗಳದಲ್ಲಿ ಮೂರು ಕಲ್ಲು ಇಟ್ಟು, ತೊಗರಿಕಟ್ಟಿಗೆಯ ಉರಿ ಹಾಕಿ, ಹೊಸ ಗಡಿಗೆಯಲ್ಲಿ ನೀರು ಕಾಯಿಸುತ್ತಿದ್ದರು. ಹಬೆ ಏಳುತ್ತಿತ್ತು. ಕಾಯುತ್ತ ಕೂತಿದ್ದ ಮುದುಕಿ ಕಟ್ಟಿಗೆ ತರಲು ಎದ್ದು ಹೋಗಿದ್ದಳು. ನಾನು ಚೆಂಬು ಅದ್ದಿ ತೋಡಿದೆ, ಬೋಗುಣಿಗೆ ಹಾಕಿದೆ, ಒಯ್ದು ಕಾಕಾನ ಮುಂದಿಟ್ಟೆ.

ಅದು ಹೆಣಕ್ಕೆ ಎರೆಯುವ ನೀರು ಎಂದು ನನಗೆ ಗೊತ್ತಿರಲಿಲ್ಲವೇ? ಎಷ್ಟೋ ಸಲ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ನಮ್ಮೂರಿನಲ್ಲಿ ಹದಿಮೂರು ವರ್ಷದ ಹುಡುಗಿಗೆ ಅದು ಗೊತ್ತಿರುತ್ತದೆ. ಅಂಗಳದಲ್ಲಿ ಮೂರು ಕಲ್ಲಿನ ಮೇಲೆ ಕಾಯುವ ನೀರನ್ನು ಬದುಕಿದವರು ಮುಟ್ಟುವುದಿಲ್ಲ. ಆದರೆ ಆ ಹೊತ್ತು ನನ್ನ ತಲೆ ಇರಲಿಲ್ಲ, ಕಾಲು ಇತ್ತು. ನೀರು ತಾ ಎಂದರೆ ಹಬೆ ಏಳುವ ಗಡಿಗೆಯ ಕಡೆ ಹೋಗುವ ಕಾಲು. ಇದು ನೆಪವೆಂದು ಯಾರಾದರೂ ಅಂದರೆ ನಾನು ವಾದಕ್ಕೆ ಇಳಿಯುವುದಿಲ್ಲ.

ಕಾಕಾ ಕೈ ಅದ್ದಿದ್ದರು. ಅಷ್ಟರಲ್ಲಿ ಹಿಂದಿನಿಂದ ಮುದುಕಿಯ ಧ್ವನಿ ಬಂತು. "ಅಯ್ಯಯ್ಯ, ಹೆಣದ ನೀರಿಗಿ ಕೈ ಹಾಕ್ಯಾರ. ಯಾರು ತೋಡ್ಯಾರ ಈ ನೀರು?"

ನನ್ನ ಕೈಯಲ್ಲಿ ಚೆಂಬು ಇನ್ನೂ ಇತ್ತು. ಕಾಕಾ ಬೋಗುಣಿಯನ್ನು ನೋಡಿದರು, ನನ್ನನ್ನು ನೋಡಿದರು.

"ನಾನೇ ತಗೊಂಡೀನಿ" ಎಂದರು.

ಕೈ ಹೊರಗೆ ತೆಗೆಯಲಿಲ್ಲ. "ಇಷ್ಟು ವರ್ಷ ಆಕೀನೇ ಕಾಸಿ ಕೊಟ್ಟಾಳ. ಇವತ್ತೂ ಆಕಿ ಪಾಲಿನ ನೀರೇ ಆಗ್ಲಿ" ಎಂದು ತಮ್ಮಷ್ಟಕ್ಕೇ ಅಂದರು. ಆಮೇಲೆ ನಿಧಾನವಾಗಿ, ಯಾವತ್ತಿನ ಒಂದು ಹೆಜ್ಜೆಯನ್ನೂ ಬಿಡದೆ, ಒರೆಸಿಕೊಂಡು, ಬೆರಳು ಎಳೆದುಕೊಂಡು, ತೊಡೆಯ ಮೇಲೆ ಒಂದು ಸಲ ಪೂರ್ತಿ ಪದವನ್ನು ಸದ್ದಿಲ್ಲದೆ ಬಾರಿಸಿ, ಪೇಟಿ ತೆರೆದರು. ಜಲ್ದಿ ಮಾಡಿ ಎಂದವರೆಲ್ಲ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಕಾಕಿಗೆ ಇಷ್ಟವಾದ ಒಂದು ತತ್ವಪದವನ್ನು ಅವರು ಬಾರಿಸಿದರು. ಒಂದು ಸ್ವರವೂ ತಪ್ಪಲಿಲ್ಲ. ಅವರು ಪೇಟಿ ಬಾರಿಸಿದ್ದನ್ನು ನಾನು ಕೇಳಿದ್ದು ಅದೇ ಕೊನೆ.

ಕಾಕಿಯ ದಿನಕರ್ಮ ಮುಗಿಯುವ ಮೊದಲೇ ಊರಿನ ಕುರಿಗಳಿಗೆ ಬೇನೆ ಬಂತು. ಮೂಗು ಸೋರಿ, ಬಾಯಿ ಹುಣ್ಣಾಗಿ, ಮೊದಲು ಮರಿಗಳು, ಆಮೇಲೆ ದೊಡ್ಡವು. ಹಟ್ಟಿ ಹಟ್ಟಿಯಿಂದ ಸತ್ತ ಕುರಿ ಎಳೆದು ಹಾಕುತ್ತಿದ್ದರು. ನಮ್ಮ ಹಟ್ಟಿಯಲ್ಲೂ ಅರ್ಧ ಹೋದವು. ಅಪ್ಪ ಸತ್ತ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದ. ಕಟ್ಟೆಯ ಮೇಲೆ ಕೂತವರಿಗೆ ಕಾರಣ ಬೇಕಿತ್ತು. ಹೆಣದ ನೀರು ಹೊಸಿಲು ದಾಟಿ ಒಳಗೆ ಬಂದದ್ದೇ ಕಾರಣ ಎಂದು ಮಾತು ಹುಟ್ಟಿತು. ಒಂದು ಮುಂಜಾನೆ ತಾಳದ ಮುತ್ಯಾ ಇಬ್ಬರನ್ನು ಕರೆದುಕೊಂಡು ಬಂದು ಕಾಕಾನ ಮನೆಯಿಂದ ಪೇಟಿ ಒಯ್ದರು. ಆ ಕೈ ಮುಟ್ಟಿದ ಪೇಟಿಯನ್ನು ತೊಟ್ಟಿಲ ಮುಂದೆ ಹೇಗೆ ಇಡುವುದು ಎಂದು ಊರು ಕೇಳಿತು. ಪೇಟಿಯನ್ನು ಅರಿಶಿನದ ನೀರಿನಲ್ಲಿ ಒರೆಸಿ ಬೇರೆಯವನಿಗೆ ಕೊಟ್ಟರು. ಕಾಕಾ ಒಂದು ಮಾತೂ ಆಡಲಿಲ್ಲ.

ನಾನೂ ಆಡಲಿಲ್ಲ. ನೀರು ತಂದವಳು ನಾನು ಎಂದು ಹೇಳಲು ಬಾಯಿ ತೆರೆಯುತ್ತಿದ್ದೆ, ಸತ್ತ ಕುರಿ ಕಣ್ಣ ಮುಂದೆ ಬರುತ್ತಿತ್ತು, ಬಾಯಿ ಮುಚ್ಚುತ್ತಿದ್ದೆ. ನಾನು ಹೇಡಿ. ಅದನ್ನು ಬೇರೆ ಯಾವ ಹೆಸರಿನಿಂದ ಕರೆದರೂ ಸುಳ್ಳಾಗುತ್ತದೆ.

ಪೇಟಿ ಇಲ್ಲದಿದ್ದರೂ ಪಾಠ ನಿಲ್ಲಲಿಲ್ಲ. ಅವರ ಮನೆಯ ಮುಂದೆ ಒಂದು ಫರಸಿ ಹಾಸುಗಲ್ಲು ಇತ್ತು. ತಾಂಡೂರು ಬಿಟ್ಟು ಬರುವಾಗ ತಂದದ್ದು, ಅವರೇ ಪಾಲಿಶ್ ಮಾಡಿದ್ದು. ಅದರ ಮೇಲೆ ಇದ್ದಿಲಿನಿಂದ ಪೇಟಿಯ ಮನೆಗಳನ್ನು ಬರೆದರು. ಕರಿ ಮನೆಗಳನ್ನು ತುಂಬಿದರು, ಬಿಳಿ ಮನೆಗಳನ್ನು ಹಾಗೇ ಬಿಟ್ಟರು. "ಬಾರಿಸು" ಎಂದರು. ನಾನು ಎಂಟನೇ ಇಯತ್ತೆಯಿಂದ ಹತ್ತನೇ ತನಕ ಕಲ್ಲಿನ ಮೇಲೆ ಬಾರಿಸಿದೆ. ಕಲ್ಲಿಗೆ ಕೂರುವ ಮೊದಲೂ ಬಿಸಿನೀರು, ಕಂಬಳಿ, ಬೆರಳೆಳೆತ ಎಲ್ಲ ಆಗಲೇಬೇಕು. ಈಗ ನೀರು ಕಾಸುವವರು ಅವರೇ. ಬಿಸಿ ಎಷ್ಟು ಎಂದು ಮೊಣಕೈ ಅದ್ದಿ ನೋಡುವವಳು ನಾನು.

"ಕಲ್ಲಿಗಿ ಯಾಕ್ರಿ ಕಾಕಾ ಇಷ್ಟೆಲ್ಲ? ಇದೇನು ದನಿ ಕೊಡ್ತದ?"

"ಕಲ್ಲು ದನಿ ಕೊಡಲ್ಲ. ನಿನಗ ಕೇಳಸಬೇಕು. ಮೈ ಬಿಸಿ ಆಗಿ, ಮನಸ್ಸು ಸುಮ್ಮನಾದ್ರ ಕೇಳಸ್ತದ."

ಕೇಳಿಸಿತು, ಸುಳ್ಳು ಹೇಳುವುದಿಲ್ಲ. ಮಳೆ ಬಂದಾಗ ಇದ್ದಿಲಿನ ಗೆರೆ ಅಳಿಸಿ ಹೋಗುತ್ತಿತ್ತು, ಅವರು ಮತ್ತೆ ಬರೆಯುತ್ತಿದ್ದರು. ಮುಂದೆ ಕಾಲೇಜಿಗೆಂದು ಜಹೀರಾಬಾದಿಗೆ ಬಂದಾಗ ಸಂಗೀತದ ಕ್ಲಾಸಿನಲ್ಲಿ ಪೇಟಿಯ ಮುಂದೆ ಕೂತೆ. ಎಲ್ಲಿ ಕಲಿತೆ ಎಂದು ಗುರುಗಳು ಕೇಳಿದರು. ಕಲ್ಲಿನ ಮೇಲೆ ಎಂದರೆ ನಂಬಲಿಲ್ಲ.

ಕೆಲಸ ಸಿಕ್ಕ ಮೊದಲ ವರ್ಷ ಒಂದು ಪೇಟಿ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ಒಯ್ದೆ. ಮೇಳದ ಪೇಟಿ ಹೋದರೆ ಹೋಗಲಿ, ಇದು ಅವರದೇ ಎಂದುಕೊಂಡಿದ್ದೆ. ಹೀಗಾದರೂ ನನ್ನ ಎದೆಯ ಭಾರ ಇಳಿಯಬಹುದು ಎಂಬ ಲೆಕ್ಕಾಚಾರವೂ ಇತ್ತು. ಅಷ್ಟೊತ್ತಿಗೆ ಅವರ ಒಂದು ಬೆರಳಿನ ತುದಿ ಕಪ್ಪಾಗಿ, ಆಸ್ಪತ್ರೆಯಲ್ಲಿ ಕತ್ತರಿಸಿದ್ದರು. ನಾನು ನೀರು ಕಾಸಿ ಕೊಟ್ಟೆ. ಅವರು ಕೈ ಅದ್ದಿದರು, ಒರೆಸಿದರು, ಎಳೆದರು. ಪೇಟಿಯ ಮುಂದೆ ಚಕ್ಕಳಮಕ್ಕಳ ಕೂತು ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳಾಡಿಸಿದರು. ಬಹಳ ಹೊತ್ತು. ಕಾಕಿಯ ಪದ ಅದು, ಬೆರಳು ನೋಡಿಯೇ ನನಗೆ ಗೊತ್ತಾಯಿತು. ಮುಗಿದ ಮೇಲೆ ಕಣ್ಣು ತೆರೆದು, "ಆತು. ಬಾರಿಸ್ದೆ" ಎಂದರು.

"ಪೇಟಿ ಮುಟ್ಟೇ ಇಲ್ಲಲ್ರಿ."

"ಮುಟ್ಟಂಗಿಲ್ಲ."

"ಯಾಕ್ರಿ? ಇಲ್ಲಿ ಯಾರು ನೋಡ್ತಾರ? ನಾ ಒಬ್ಬಾಕೀನೇ ಅದೀನಿ."

"ಮಾತು ಕೊಟ್ಟೀನಿ ಪೋರಿ."

"ಯಾರಿಗಿ?"

ಅವರು ಪೇಟಿಯ ಮೇಲೆ ಬಟ್ಟೆ ಹೊದಿಸಿ ನನ್ನ ಕಡೆ ಸರಿಸಿದರು. ನನಗೆ ಸಿಟ್ಟು ಬಂತು. ಹೊಟ್ಟೆಯಲ್ಲಿ ಸಿಟ್ಟಿಟ್ಟುಕೊಂಡೇ ಪೇಟಿ ಹೊತ್ತು ಬಸ್ಸು ಹತ್ತಿದೆ. ಆ ಸಲ ಅವರಿಗೆ ಹೋಗಿ ಬರುತ್ತೇನೆ ಎಂದೂ ಹೇಳಲಿಲ್ಲ.

ಹೋದ ಚಳಿಗಾಲದಲ್ಲಿ ಕೆಮ್ಮು ಅವರನ್ನು ಒಯ್ದಿತು. ಕೊನೆಯ ತಿಂಗಳು ಕೂತೇ ಇರುತ್ತಿದ್ದರು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಸುದ್ದಿ ಬಂದಾಗ ನಾನು ಶಾಲೆಯ ಪಿಯಾನೊದ ಮುಂದೆ ಬೋಗುಣಿಯಲ್ಲಿ ಕೈಯಿಟ್ಟುಕೊಂಡು ಕೂತಿದ್ದೆ. ಒರೆಸಿಕೊಳ್ಳದೆಯೇ ಬಸ್ ಸ್ಟ್ಯಾಂಡಿಗೆ ಹೋದೆ.

ಕಾಕಿ ಕೂತಿದ್ದ ಜಾಗದಲ್ಲೇ ಅವರನ್ನು ಕೂರಿಸಿದ್ದರು. ಕೈಗಳನ್ನು ತೊಡೆಯ ಮೇಲಿಟ್ಟಿದ್ದರು. ಬೆರಳೆಲ್ಲ ಒಂದೇ ಬಣ್ಣಕ್ಕೆ ಬಂದಿದ್ದವು. ಅಂಗಳದಲ್ಲಿ ಮೂರು ಕಲ್ಲಿನ ಮೇಲೆ ಗಡಿಗೆ ಇತ್ತು. ಮೇಳ ಕೂತಿತ್ತು, ಪೇಟಿ ಇತ್ತು, ಬಾರಿಸುವವನು ಕೊಡಂಗಲ್ ಕಡೆ ಯಾವುದೋ ಮದುವೆಗೆ ಹೋಗಿದ್ದ. ತಾಳದ ಮುತ್ಯಾ ತೀರಾ ಮುದುಕರಾಗಿದ್ದರು, ಕೋಲು ಊರಿಕೊಂಡು ಕೂತಿದ್ದರು. ನಾನು ಅವರ ಪಕ್ಕಕ್ಕೆ ಹೋಗಿ ಕೂತೆ. ಇಷ್ಟು ವರ್ಷ ನುಂಗಿಕೊಂಡದ್ದು ಒಂದೇ ಉಸಿರಿಗೆ ಹೊರಗೆ ಬಂತು.

"ಮುತ್ಯಾ, ಅವತ್ತ ಆ ನೀರು ತಂದಾಕಿ ನಾನು. ಕಾಕಾ ಅಲ್ಲ."

"ಗೊತ್ತದವ್ವ."

"ಯಾರು ಹೇಳ್ಯಾರ?"

"ಯಾರು ಹೇಳಬೇಕು? ನಾ ಅಂವನ ಬಾಜೂಕೇ ಕುಂತಿದ್ದೆ. ಅಂವ ಕುಂತ ಜಾಗಾ ಬಿಟ್ಟು ಎದ್ದೇ ಇಲ್ಲ."

ನಾನು ಅವರ ಮುಖ ನೋಡಿದೆ. ಅವರು ಹೆಣದ ಕಡೆ ನೋಡುತ್ತಿದ್ದರು.

"ನೀರು ಕಾಸೋ ಮುದುಕಿ ನಿನ್ನ ಕೈಯಾಗ ಚೆಂಬು ನೋಡಿದ್ಳು. ಕುರಿ ಸಾಯಾಕ ಹತ್ತಿದ ಮ್ಯಾಲ ನಿನ್ನ ಹೆಸರು ಎತ್ತಿದ್ಳು. ನಿಮ್ಮಪ್ಪನ ಹಟ್ಟಿ ಊರ ಹೊರಗ ಹಾಕಬೇಕು ಅಂತ ಮಾತು ನಡದಿತ್ತು. ಆವಾಗ ಇಂವ ನಮ್ಮ ಮನಿಗಿ ಬಂದ. ಪೋರಿ ಹೆಸರು ಎಲ್ಲೀನೂ ಬರಬಾರದು ಮುತ್ಯಾ, ಪೇಟಿ ನೀವು ತಗೊಂಡು ಹೋಗ್ರಿ, ಜೀವ ಇರೋತನಕ ನಾ ಯಾವ ಪೇಟೀನೂ ಮುಟ್ಟಂಗಿಲ್ಲ ಅಂದ."

"ನೀವು ಹೂಂ ಅಂದ್ರಿ?"

"ಅಂದೆ. ಊರಿಗಿ ಯಾರದಾರ ಒಬ್ಬರ ಹೆಸರು ಬೇಕಾಗಿತ್ತು." ಕೋಲನ್ನು ಇನ್ನೊಂದು ಕೈಗೆ ಬದಲಿಸಿ ಮತ್ತೆ ಅಂದರು: "ಸಂತ್ಯಾಗಿಂದ ತಂದ ಟಗರಿನಿಂದ ಬೇನಿ ಬಂದದ ಅಂತ ಆಮ್ಯಾಲ ಡಾಕ್ಟರ್ ಹೇಳಿದ್ರು. ಅಷ್ಟೊತ್ತಿಗಿ ಪೇಟಿ ಬ್ಯಾರೆಯವನ ಕೈಯಾಗ ಹೋಗಿತ್ತು. ತಿರುಗಿ ಬಾ ಅಂತ ಇಂವನ್ನ ಕರಿಯಾಕ ನನಗ ಮುಖ ಇರಲಿಲ್ಲ."

ಮಾತು ಕೊಟ್ಟೀನಿ ಪೋರಿ ಎಂದದ್ದು ಕಿವಿಯಲ್ಲಿ ಕೇಳಿಸಿತು. ನಾನು ತಂದ ಪೇಟಿಯನ್ನು ಅವರು ನನ್ನ ಕಡೆಗೇ ಸರಿಸಿದ್ದು ನೆನಪಾಯಿತು. ಅವರ ಉಳಿದ ಬೆರಳುಗಳನ್ನು ತಾಂಡೂರಿನ ಮಷಿನ್ ತಿಂದಿರಲಿಲ್ಲ, ನಾನು ತಿಂದಿದ್ದೆ. ಗಟ್ಟಿಯಾಗಿ ಅತ್ತುಬಿಟ್ಟೆ. ಹೆಂಗಸರು ಯಾರೋ ಬಂದು ಹಿಡಿದುಕೊಂಡರು.

ಅಳು ನಿಂತ ಮೇಲೆ ಮುತ್ಯಾ ಕೇಳಿದರು: "ಬಾರಿಸ್ತೀ?"

ನಾನು ಪೇಟಿಯ ಮುಂದೆ ಕೂತೆ. ಕೈ ಮಂಜಿನಂತೆ ತಣ್ಣಗಾಗಿತ್ತು. ಹೀಗೆ ಮುಟ್ಟಿದರೆ ಆ ಮನುಷ್ಯ ಕೂತಲ್ಲಿಂದಲೇ, ಅಲ್ಲಿ ಎಡವಿದಿ ಎನ್ನುತ್ತಾರೆ ಅನ್ನಿಸಿತು.

"ಮುತ್ಯಾ, ಕೈ ಥಂಡ ಆಗ್ಯಾವ. ಯಾರದಾರ ಮನಿಯಿಂದ ಜರ ಬಿಸಿನೀರು ತರಸ್ತೀರೇನು?"

ಅವರು ಯಾರನ್ನೂ ಕರೆಯಲಿಲ್ಲ. ಕೋಲು ಊರಿ ತಾವೇ ಎದ್ದರು. ಕಾಕಾನ ಬೋಗುಣಿ ಗೋಡೆಯ ಗೂಡಿನಲ್ಲಿತ್ತು, ಅದನ್ನು ತೆಗೆದುಕೊಂಡರು. ಒಂದೊಂದೇ ಹೆಜ್ಜೆ ಇಡುತ್ತಾ ಅಂಗಳಕ್ಕೆ ಇಳಿದು, ಎಲ್ಲರೂ ನೋಡುತ್ತಿರುವ ಹಾಗೆಯೇ, ಮೂರು ಕಲ್ಲಿನ ಮೇಲಿನ ಗಡಿಗೆಯಿಂದ ನೀರು ತೋಡಿದರು. ಹೊಸಿಲು ದಾಟಿಸಿ ತಂದು ನನ್ನ ಮುಂದಿಟ್ಟರು.

ನಾನು ಮೊಣಕೈ ಅದ್ದಿ ನೋಡಿದೆ, ಹದವಾಗಿತ್ತು. ಎರಡೂ ಕೈ ಅದ್ದಿದೆ. ಹೊತ್ತು ಏರುತ್ತಿತ್ತು, ಅಂಗಳದಲ್ಲಿ ಮಣ್ಣಿಗೆ ಬಂದವರು ನಿಂತಿದ್ದರು. ನನ್ನ ಬೆರಳು ಬೆಚ್ಚಗಾಗುವ ತನಕ ಒಬ್ಬರೂ ಅವಸರ ಮಾಡಲಿಲ್ಲ.